ಹೊಸಿಲು ದಾಟಿದ ಸೋಫಾ

ಒಂದು ಮನೆಯ ಬಾಗಿಲನ್ನು ನೋಡಿದರೆ ಆ ಮನೆ ಯಾರನ್ನು, ಏನನ್ನು ಒಳಗೆ ಕರೆದುಕೊಳ್ಳಲು ಸಿದ್ಧವಾಗಿತ್ತು ಎಂಬುದನ್ನು ಹೇಳಿಬಿಡಬಹುದು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳೆಯ ಮನೆಗಳ ಬಾಗಿಲು ತಲೆ ತಗ್ಗಿಸಿ ಬರುವ ನೆಂಟನಿಗೆ, ಬೆನ್ನ ಮೇಲೆ ಭತ್ತದ ಮೂಟೆ ಹೊತ್ತ ಆಳಿಗೆ, ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಬರುವ ಸೊಸೆಗೆ ಅಳತೆ ಮಾಡಿಟ್ಟಂತೆ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಎತ್ತು, ಎಮ್ಮೆಗಳೂ ಅದೇ ಬಾಗಿಲಲ್ಲಿ ಬಂದು ಒಳಗಿನ ಕೊಟ್ಟಿಗೆ ಸೇರುತ್ತಿದ್ದವು. ಆದರೆ ಎಮ್ಮೆ ನುಸುಳಿದ ಬಾಗಿಲಲ್ಲಿ ಇಂದಿನ ಸೋಫಾ ನುಸುಳುವುದಿಲ್ಲ. ಎಮ್ಮೆಗೆ ಮೈ ತಿರುಗಿಸುವುದು ಗೊತ್ತು, ಸೋಫಾಕ್ಕೆ ಗೊತ್ತಿಲ್ಲ.

ಸೋಫಾ ಕೊಳ್ಳುವಾಗ ನಾವು ಬಟ್ಟೆಯ ಬಣ್ಣ ನೋಡುತ್ತೇವೆ, ಕೂತು ಎದ್ದು ಸ್ಪಂಜು ಪರೀಕ್ಷಿಸುತ್ತೇವೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತೇವೆ. ಮನೆಯ ಬಾಗಿಲು ಮಾತ್ರ ಆಗ ನೆನಪಾಗುವುದಿಲ್ಲ. ಲಗೇಜು ಆಟೋ ಬಂದು ಮನೆಯ ಮುಂದೆ ನಿಂತು, ನಾಲ್ಕು ಜನ ಸೋಫಾ ಹೊತ್ತು ಹೊಸಿಲ ತನಕ ಬಂದ ಮೇಲೆ ಎಲ್ಲರೂ ಬಾಗಿಲನ್ನು ಮೊದಲ ಸಲ ಕಂಡವರಂತೆ ದಿಟ್ಟಿಸುತ್ತಾರೆ. ಇದು ಬರೀ ಮರೆವಲ್ಲ, ಇದರ ಹಿಂದೆ ಒಂದು ಚರಿತ್ರೆಯಿದೆ ಎಂದು ನನಗೆ ಅನ್ನಿಸುತ್ತದೆ. ಕೂರುವ ಜಾಗವನ್ನು ಹೊರಗಿನಿಂದ ಕೊಂಡು ತರಬೇಕು ಎನ್ನುವುದೇ ನಮಗೆ ಹೊಸದು. ಅದಕ್ಕೆ ಮೊದಲು ಕೂರುವ ಜಾಗ ಮನೆಯ ಜೊತೆಯಲ್ಲೇ ಹುಟ್ಟುತ್ತಿತ್ತು. ಅದಕ್ಕೆ ಜಗಲಿ ಎಂದು ಹೆಸರು.

ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿದ್ದ ನನ್ನ ಅಜ್ಜಿಯ ಮನೆ ತೊಟ್ಟಿಮನೆ. ಬೀದಿಗೆ ಮುಖ ಮಾಡಿ ಬಾಗಿಲಿನ ಎರಡು ಕಡೆ ಮುಂಜಗಲಿ. ಒಳಗೆ ತೊಟ್ಟಿಯ ಸುತ್ತ ಕಂಬಗಳ ನಡುವೆ ಇನ್ನೊಂದು ಸುತ್ತು ಜಗಲಿ. ಕುರ್ಚಿ ಎಂಬ ವಸ್ತು ಅಲ್ಲಿ ಇದ್ದದ್ದು ಒಂದೇ. ಅದೂ ಮೇಷ್ಟ್ರೋ, ಶ್ಯಾನುಭೋಗರೋ ಬಂದಾಗ ಹೊರಗೆ ಬರುತ್ತಿತ್ತು. ಈಗ ಒಂದು ಸ್ವಾರಸ್ಯ ಕೇಳಿ. ಸೋಫಾ ಎಂಬ ಮಾತು ಇಂಗ್ಲಿಷರಿಂದ ನಮಗೆ ಬಂದರೂ ಅದರ ಮೂಲ ಅರಬ್ಬಿಯ 'ಸುಫ್ಫಾ'. ಹಾಗೆಂದರೆ ನೆಲದಿಂದ ತುಸು ಎತ್ತರಿಸಿ ಕಟ್ಟಿ, ಮೇಲೆ ಹಾಸು ಹಾಸಿದ ಕಟ್ಟೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಜಗಲಿಯೇ! ಮೊದಲ ಸೋಫಾ ಬಾಗಿಲಲ್ಲಿ ತೂರುವ ವಸ್ತುವಾಗಿರಲೇ ಇಲ್ಲ. ದಿವಾನ್ ಕಾಟ್ ಎನ್ನುತ್ತೇವಲ್ಲ, ಅದರದ್ದೂ ಇಂಥದೇ ಕಥೆ. ಪಾರಸಿಯಲ್ಲಿ ದಿವಾನ್ ಎಂದರೆ ಲೆಕ್ಕದ ಕಡತ, ಆಮೇಲೆ ಆ ಕಡತದ ಕಚೇರಿ, ಕೊನೆಗೆ ಆ ಕಚೇರಿಯ ಗೋಡೆಗುಂಟ ಹಾಸಿದ ಮೆತ್ತನೆಯ ಪೀಠ. ಮೈಸೂರಿನ ದಿವಾನರೂ ನಮ್ಮ ಹಜಾರದ ದಿವಾನ್ ಕಾಟೂ ಒಂದೇ ಮಾತಿನ ಮಕ್ಕಳು.

ಜಗಲಿಯನ್ನು ಹೊಗಳುವವರು ಬಹಳ ಮಂದಿ. ಊರಿನ ನ್ಯಾಯ ಅಲ್ಲಿ ತೀರುತ್ತಿತ್ತು, ದಾರಿಹೋಕರು ಅಲ್ಲಿ ಮಲಗುತ್ತಿದ್ದರು ಎಂದೆಲ್ಲ ಹೇಳುತ್ತಾರೆ. ಎಲ್ಲ ನಿಜ. ಆದರೆ ಮುಂಜಗಲಿ ಗಂಡಸರದು. ಹೆಂಗಸರು ಬಾಗಿಲ ಹಿಂದೆ ನಿಂತು ಮಾತು ಕೇಳುವವರು. ಅವರು ಕೂರುವುದು ಅಡುಗೆಮನೆಯ ಮಣೆಯ ಮೇಲೆ, ಬೀಸುವ ಕಲ್ಲಿನ ಮುಂದೆ, ಹಿತ್ತಲ ಮೆಟ್ಟಿಲ ಮೇಲೆ. ಅದೂ ಕೈಯಲ್ಲಿ ಒಂದು ಕೆಲಸವಿದ್ದರೆ. ನನ್ನ ಅಜ್ಜಿ ಮುಂಜಗಲಿಯ ನಟ್ಟನಡುವೆ, ಬೀದಿಯ ಬೆಳಕಿಗೆ ಮುಖ ಮಾಡಿ ಕುಳಿತದ್ದನ್ನು ನಾನು ನೋಡಿದ್ದು ಒಂದೇ ದಿನ. ಅವರು ತೀರಿಕೊಂಡ ದಿನ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಕಾಸಿನಗಲ ಕುಂಕುಮ ಇಟ್ಟಿದ್ದರು.

ಮನೆಗಿಂತ ದೊಡ್ಡ ವಸ್ತುಗಳು ಆಗ ಇರಲಿಲ್ಲವೆಂದಲ್ಲ. ಅಜ್ಜಿಯ ಮನೆಯ ಬಿದಿರಿನ ಕಣಜ ಯಾವ ಬಾಗಿಲಲ್ಲೂ ಹಿಡಿಸುವಂಥದ್ದಲ್ಲ. ಅದನ್ನು ಒಳಗೇ ಹೆಣೆದು, ಒಳಗೇ ಸಗಣಿ ಬಳಿದು ನಿಲ್ಲಿಸಿದ್ದರು. ಮಂಚ ಬೇಕಾದರೆ ಆಚಾರಿ ತನ್ನ ಉಳಿ, ಬಾಚಿ, ಕೀಸುಳಿ ಹಿಡಿದು ಮನೆಗೇ ಬರುತ್ತಿದ್ದ. ಕಾಲು ಬೇರೆ, ಪಟ್ಟಿ ಬೇರೆ ಮಾಡಿ, ತೂತಿಗೆ ಕೂಡಿಸಿ, ಮೇಲೆ ನವಾರು ಬಿಗಿದರೆ ಮಂಚ. ಮಗಳ ಬಾಣಂತನಕ್ಕೆ ಕೋಣೆ ಬದಲಿಸಬೇಕಾದರೆ ನವಾರು ಬಿಚ್ಚಿ, ಕಾಲು ಕಳಚಿ ಒಯ್ಯುತ್ತಿದ್ದರು. ಬಾಗಿಲಿನ ಅಳತೆಯನ್ನು ತೀರ್ಮಾನಿಸುತ್ತಿದ್ದದ್ದು ಸಾಮಾನಲ್ಲ, ಆಯ. ಯಜಮಾನನ ನಕ್ಷತ್ರಕ್ಕೆ ಕೂಡಿಬರುವ ಆಯ ನೋಡಿ, ಒಳ್ಳೆಯ ದಿನ ಹುಡುಕಿ, ನವಧಾನ್ಯ ಕಟ್ಟಿ ಬಾಗಿಲುವಾಡ ನಿಲ್ಲಿಸುತ್ತಿದ್ದರು. ಆ ಲೆಕ್ಕದಲ್ಲಿ ಸೋಫಾಕ್ಕೆ ಜಾಗ ಎಲ್ಲಿಂದ ಬರಬೇಕು?

ಅರಮನೆಗಳ ಕಥೆಯೂ ಬೇರೆಯಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅವರೆಲ್ಲ ಗೋಡೆಯ ಮೇಲಿನ ಯುದ್ಧದ ಚಿತ್ರ ನೋಡುತ್ತಾರೆ. ನಾನು ಅಡ್ಡಗೋಡೆಗಳ ನಡುವೆ ಬಚ್ಚಿಟ್ಟಂತಿರುವ ಮೆಟ್ಟಿಲುಗಳನ್ನು ತೋರಿಸುತ್ತೇನೆ. ಅಷ್ಟು ದೊಡ್ಡ ಸುಲ್ತಾನನಿಗೆ ಇಷ್ಟು ಸಣ್ಣ ಮೆಟ್ಟಿಲೇ ಎಂದು ಮಕ್ಕಳು ಕೇಳುತ್ತಾರೆ. ಮೇಲೆ ಕೂರಲು ಬೇಕಾದದ್ದು ಜಮಖಾನೆ, ಲೋಡು, ದಿಂಬು. ಸುರುಳಿ ಸುತ್ತಿ ಹೆಗಲ ಮೇಲೆ ಇಟ್ಟುಕೊಂಡರೆ ಯಾವ ಮೆಟ್ಟಿಲಾದರೂ ಸಾಕು. ಹಾಸುವ ಆಸನಕ್ಕೆ ಮೆಟ್ಟಿಲು ಅಗಲವಾಗಬೇಕಿಲ್ಲ, ನಿಲ್ಲುವ ಆಸನಕ್ಕೆ ಬೇಕು.

ನಮ್ಮಲ್ಲಿ ಇದೆಲ್ಲ ಬದಲಾದದ್ದು ನೀರಿನಿಂದ ಎಂದರೆ ನೀವು ನಗಬಹುದು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದ ಮೊದಲಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಈಗ ಅದನ್ನೇ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಕಬ್ಬು, ಭತ್ತ ಬಂದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾಯಿತು. ಜಿಲ್ಲೆಯಾದ ಮೇಲೆ ಕಚೇರಿ, ಕಚೇರಿಗೆ ಅಧಿಕಾರಿ, ಅಧಿಕಾರಿಗೆ ಕುರ್ಚಿ. ಕಬ್ಬಿನ ದುಡ್ಡು ಕೈಗೆ ಸಿಕ್ಕ ರೈತನ ಮಗ ಪೇಟೆಯಲ್ಲಿ ಓದಿ, ನೌಕರಿ ಹಿಡಿದು, ಪೇಟೆಯಲ್ಲೇ ನಿವೇಶನ ಕೊಂಡ. ಇಪ್ಪತ್ತಕ್ಕೆ ಮೂವತ್ತು, ಮೂವತ್ತಕ್ಕೆ ನಲವತ್ತು. ಅಷ್ಟು ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಹೋದದ್ದು ಜಗಲಿ, ಆಮೇಲೆ ತೊಟ್ಟಿ.

ಜಗಲಿ ಹೋದ ಮೇಲೆ ಕೂರುವುದೆಲ್ಲಿ? ಮೊದಲು ಮಡಚುವ ಕಬ್ಬಿಣದ ಕುರ್ಚಿ ಬಂತು, ಆಮೇಲೆ ಬೆತ್ತದ್ದು, ಆಮೇಲೆ ಪ್ಲಾಸ್ಟಿಕ್ ವೈರು ಹೆಣೆದದ್ದು. ಇವೆಲ್ಲ ಬಾಗಿಲಿಗೆ ಹೆದರಿ ನಡೆಯುವ ಸಾಧು ವಸ್ತುಗಳು. ನಂತರ ಟೀವಿ. 1987ರ ಜನವರಿಯಿಂದ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಟೀವಿಯಿದ್ದ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಂಡಸರು ಕುರ್ಚಿಯಲ್ಲಿ, ಹೆಂಗಸರೂ ಮಕ್ಕಳೂ ನೆಲದ ಮೇಲೆ. ಅದುವರೆಗೆ ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದ ಮನೆ ಈಗ ಗೋಡೆಯ ಕಡೆ ತಿರುಗಿತು. ಒಂದೇ ಕಡೆ ಮುಖ ಮಾಡಿ ಮೂರು ಜನ ಕೂರುವ ಸಾಧನ ಬೇಕಾಯಿತು. ಹೀಗೆ ಸೋಫಾ ನಮ್ಮ ಮನೆಗಳ ಹೊಸಿಲಿಗೆ ಬಂದು ನಿಂತಿತು.

ಅಷ್ಟು ಹೊತ್ತಿಗೆ ಮನೆಗಳು ಮೇಲಕ್ಕೂ ಬೆಳೆದಿದ್ದವು. ಕೆಳಗೆ ಬಾಡಿಗೆ, ಮೇಲೆ ಮನೆಯವರು. ಇಲ್ಲವೇ ಕೆಳಗೆ ಅಣ್ಣ, ಮೇಲೆ ತಮ್ಮ. ಸಣ್ಣ ನಿವೇಶನದಲ್ಲಿ ಮೆಟ್ಟಿಲಿಗೆ ಬಿಟ್ಟ ಜಾಗ ಮೂರಡಿ. ಅದೂ ಅರ್ಧಕ್ಕೆ ಬಂದು ಗಕ್ಕನೆ ತಿರುಗುತ್ತದೆ. ತಿರುವಿನಲ್ಲಿ ಒಂದು ತುಳಸಿ ಕುಂಡ, ತುದಿಯಲ್ಲಿ ಕಬ್ಬಿಣದ ಗ್ರಿಲ್ ಗೇಟು, ಅದರಾಚೆ ಒಳಕ್ಕೆ ತೆರೆಯುವ ಬಾಗಿಲು.

ನಮ್ಮ ಬೀದಿಯ ಒಂದು ಮದುವೆಯನ್ನು ಇಲ್ಲಿ ಹೇಳಬೇಕು. ಹುಡುಗಿಯ ಕಡೆಯವರು ದೂರದ ಊರಿನವರು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದ್ದರೂ, 'ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಕೊಡುವುದು' ಎಂಬ ಮಾತಿನ ಕೆಳಗೆ ಮಂಚ, ಬೀರು, ಸೋಫಾ ಸೆಟ್ಟು ಎಲ್ಲ ಬರುವ ಪದ್ಧತಿ ನಿಂತಿರಲಿಲ್ಲ. ಹುಡುಗಿಯ ಅಪ್ಪ ಗಂಡಿನ ಮನೆಗೆ ಬಂದದ್ದು ಎರಡೇ ಸಲ. ಬೀಗರ ಮನೆಯಲ್ಲಿ ಟೇಪು ಹಿಡಿದು ಮೆಟ್ಟಿಲು ಅಳೆಯುವುದುಂಟೇ? ತನ್ನ ಮಾನಕ್ಕೆ ತಕ್ಕಂತೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗಲವಾದದ್ದನ್ನೇ ಕೊಂಡರು. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದು ಕೆಳಗಿಳಿಸಿ, ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟರು. ಹತ್ತು ಹನ್ನೆರಡು ದಿನ ಹೋಗುವವರು ಬರುವವರೆಲ್ಲ ಕೇಳುವುದು, ಅತ್ತೆ ನಗುತ್ತಲೇ 'ನಮ್ಮ ಬೀಗರಿಗೆ ಕಣ್ಣಳತೆ ಸಾಲದು' ಎನ್ನುವುದು. ಹುಡುಗಿ ತಲೆ ತಗ್ಗಿಸಿ ಕಾಫಿ ಕೊಡುವುದನ್ನು ನಾನೇ ನೋಡಿದೆ. ಮೆಟ್ಟಿಲು ಕಟ್ಟಿಸಿದವರು ಇವರು, ಸಣ್ಣವನಾದದ್ದು ಆ ಅಪ್ಪ!

ಕೊನೆಗೆ ಭತ್ತದ ಗಿರಣಿಯಿಂದ ನಾಲ್ವರು ಹಮಾಲರು ಬಂದರು. ಹಿರಿಯ ಹಮಾಲ ಒಂದು ಸಲ ಮೆಟ್ಟಿಲು ಹತ್ತಿ ಇಳಿದು, 'ಅಕ್ಕಾರೇ, ಮೂಟೆಯಾದ್ರೆ ಬಗ್ತದೆ, ಇದು ಬಗ್ಗಾಕಿಲ್ಲ. ಹಗ್ಗ ಇದ್ರೆ ತನ್ನಿ' ಎಂದ. ಬಾವಿಯ ಹಗ್ಗ ಕಟ್ಟಿ, ಹಳೆಯ ರಗ್ಗು ಸುತ್ತಿ, ಬಾಲ್ಕನಿಯ ಮೇಲಿಂದ ಎಳೆದುಕೊಂಡರು. ಬೀದಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹುಡುಗಿ ಆ ಸೋಫಾದಲ್ಲಿ ಕೂತದ್ದನ್ನು ಮಾತ್ರ ನಾನು ಒಂದು ವರ್ಷದ ತನಕ ಕಾಣಲಿಲ್ಲ. ಬಂದವರಿಗೆ ಎಂದು ಅದರ ಮೇಲೆ ಕವರು ಹಾಕಿದ್ದರು.

ಕಿರಿದಾದ ದಾರಿಯಲ್ಲಿ ದೊಡ್ಡ ವಸ್ತು ಸಾಗಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1902ರ ಜೂನ್ ಕೊನೆಯಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದಕ್ಕೆ ಬೇಕಾದ ಯಂತ್ರಗಳು ಅಮೆರಿಕ, ಸ್ವಿಟ್ಜರ್ಲೆಂಡ್‌ಗಳಿಂದ ಹಡಗಿನಲ್ಲಿ, ರೈಲಿನಲ್ಲಿ ಬಂದವು. ಹತ್ತಿರದ ರೈಲು ನಿಲ್ದಾಣ ಮದ್ದೂರು. ಅಲ್ಲಿಂದ ಮುಂದೆ ಸುಮಾರು 30 ಮೈಲಿ ಎತ್ತಿನ ಗಾಡಿ, ಆನೆಗಳ ದಾರಿ. ಎತ್ತು ಎಳೆಯುವಷ್ಟು, ಗಾಡಿ ತಾಳುವಷ್ಟು ಭಾಗಗಳಾಗಿ ಬಂದರೆ ಮಾತ್ರ ಯಂತ್ರ ಜಲಪಾತ ಮುಟ್ಟೀತು. ಅದಕ್ಕೂ ಮುಂಚೆ, 1859ರಲ್ಲಿ, ಆಸ್ಟ್ರಿಯಾದಲ್ಲಿ ಮೈಕೆಲ್ ಥೋನೆಟ್ ಎಂಬ ಮರಗೆಲಸದವನು ಒಂದು ಕುರ್ಚಿ ಮಾಡಿದ. ಹಬೆಯಲ್ಲಿ ಬಗ್ಗಿಸಿದ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೆ. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಹೀಗಾಗಿ ಅದು ದೇಶ ದೇಶಕ್ಕೆ ಹೋಯಿತು. ನಮ್ಮ ನವಾರು ಮಂಚದ ಬುದ್ಧಿಯೂ ಇದೇ: ದೂರ ಹೋಗಬೇಕಾದದ್ದು ಬಿಚ್ಚಿಕೊಳ್ಳಲು ಕಲಿಯಬೇಕು.

ಗಣಿತದವರನ್ನೂ ಸೋಫಾ ಕಾಡಿದೆ ಎಂದರೆ ನಂಬುತ್ತೀರಾ? ನಮ್ಮ ಶಾಲೆಯ ಗಣಿತದ ಮೇಡಂ ಹೇಳಿದ ಮೇಲೆ ನಾನೂ ಓದಿ ತಿಳಿದುಕೊಂಡೆ. ಒಂದೇ ಅಗಲದ ಓಣಿ ನೇರ ಕೋನದಲ್ಲಿ ತಿರುಗಿದರೆ, ಎತ್ತದೆ, ನೆಲದ ಮೇಲೇ ತಳ್ಳಿಕೊಂಡು ದಾಟಿಸಬಹುದಾದ ಅತಿ ದೊಡ್ಡ ಸೋಫಾ ಯಾವುದು? 1966ರಲ್ಲಿ ಲಿಯೋ ಮೋಸರ್ ಕೇಳಿದ ಪ್ರಶ್ನೆ ಇದು. 1992ರಲ್ಲಿ ಜೋಸೆಫ್ ಗರ್ವರ್ ಎಂಬವರು ಹಳೆಯ ಟೆಲಿಫೋನಿನ ಕೈಹಿಡಿಯಂತೆ ನಡುವೆ ಕೊರೆದ ಒಂದು ಆಕಾರ ತೋರಿಸಿದರು. ಓಣಿ ಮೂರಡಿಯಾದರೆ ಆ ಸೋಫಾದ ಹರವು ಸುಮಾರು 20 ಚದರಡಿ. ಅದಕ್ಕಿಂತ ದೊಡ್ಡದು ಸಾಧ್ಯವಿಲ್ಲವೆಂದು 2024ರಲ್ಲಿ ದಕ್ಷಿಣ ಕೊರಿಯಾದ ತರುಣ ಗಣಿತಜ್ಞರೊಬ್ಬರು ನೂರಕ್ಕೂ ಹೆಚ್ಚು ಪುಟಗಳ ಸಾಧನೆ ಬರೆದು ಮುಂದಿಟ್ಟರು. ಆದರೆ ನಮ್ಮ ಅಂಗಡಿಯ ಸೋಫಾ ನಾಲ್ಕು ಮೂಲೆಯದು. ಮೂರಡಿ ಓಣಿಯ ತಿರುವಿನಲ್ಲಿ ಆರಡಿ ಉದ್ದದ ವಸ್ತುವನ್ನು ಎತ್ತದೆ ತಿರುಗಿಸಬೇಕಾದರೆ ಅದರ ಅಗಲ ಸುಮಾರು 15 ಅಂಗುಲ ಮೀರಬಾರದು. ಅಂದರೆ ಶಾಲೆಯ ಬೆಂಚು ಹೋಗುತ್ತದೆ, ಸೋಫಾ ಹೋಗುವುದಿಲ್ಲ. ಗಣಿತದ ಸೋಫಾಕ್ಕೆ ಇಲ್ಲದ ಅನುಕೂಲ ನಮ್ಮ ಹಮಾಲರಿಗಿದೆ. ಅವರು ಅದನ್ನು ಎತ್ತಿ ನಿಲ್ಲಿಸಬಲ್ಲರು.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಮನೆ ಅಳೆಯಿರಿ. ಮೊಳ ಹಾಕಿ ಹೂವು ಕೊಳ್ಳುವ ನಮಗೆ ಅಳತೆ ಕಷ್ಟದ ಕೆಲಸವಲ್ಲ. ಬೀದಿಯ ಗೇಟಿನಿಂದ ಹಿಡಿದು ಸೋಫಾ ಇಡುವ ಗೋಡೆಯ ತನಕ, ಅದು ಬರುವ ದಾರಿಯಲ್ಲಿ ನೀವೇ ಒಮ್ಮೆ ನಡೆದು ಬನ್ನಿ. ಬಾಗಿಲು ಮೂರಡಿ ಎಂದು ಮೇಸ್ತ್ರಿ ಹೇಳಿದ್ದು ಬಾಗಿಲುವಾಡದ ಹೊರ ಅಳತೆಯಾಗಿರಬಹುದು. ನಿಮಗೆ ಬೇಕಾದದ್ದು ವಾಡದ ಒಳಗಿನ ಬಯಲು. ತೆರೆದು ನಿಂತ ಕದ ಅದರಲ್ಲೂ ಒಂದೂವರೆ ಅಂಗುಲ ತಿನ್ನುತ್ತದೆ. ಕೀಲು ಬಿಚ್ಚಿ ಕದ ತೆಗೆದಿಟ್ಟರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ. ಮೆಟ್ಟಿಲಿನ ಅಗಲವನ್ನು ಕೈಪಿಡಿಯಿಂದ ಗೋಡೆಗೆ ಅಳೆಯಿರಿ, ಗೋಡೆಯಿಂದ ಗೋಡೆಗಲ್ಲ. ತಿರುವಿನ ಜಾಗದ ಉದ್ದ, ಅಗಲ, ಅಲ್ಲಿ ತಲೆಯ ಮೇಲೆ ಛಾವಣಿ ಎಷ್ಟು ಎತ್ತರ, ಇದನ್ನು ಮರೆಯಬೇಡಿ. ಆರೂವರೆ ಅಡಿ ಸೋಫಾವನ್ನು ನಿಲ್ಲಿಸಿ ತಿರುಗಿಸಬೇಕಾದರೆ ಮೇಲೆ ಅದಕ್ಕಿಂತ ಹೆಚ್ಚು ಬಯಲಿರಬೇಕು.

ಈ ಅಳತೆಗಳ ಪೈಕಿ ಎಲ್ಲಕ್ಕಿಂತ ಚಿಕ್ಕದನ್ನು ಚೀಟಿಯಲ್ಲಿ ದಪ್ಪಗೆ ಬರೆದುಕೊಳ್ಳಿ. ಸೋಫಾದ ಆಳ, ಎತ್ತರ ಎರಡರಲ್ಲಿ ಒಂದಾದರೂ ಅದಕ್ಕಿಂತ ಎರಡು ಅಂಗುಲ ಕಡಿಮೆಯಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಕಾಲು ಕಳಚುವುದೇ, ಕೈ ಬಿಚ್ಚುವುದೇ ಎಂದು ಕೇಳಿ. ಮೂಲೆ ಸೋಫಾವಾದರೆ ಎಷ್ಟು ತುಂಡಾಗಿ ಬರುತ್ತದೆ ಎಂದು ಕೇಳಿ. ಮೂವರು ಕೂರುವುದರ ಬದಲು ಒಬ್ಬೊಬ್ಬರದು ಮೂರು ಕೊಂಡರೆ ನಾಳೆ ಬಾಡಿಗೆ ಮನೆ ಬದಲಿಸುವಾಗಲೂ ಸುಖ. ಮರದ ಚೌಕಟ್ಟು, ಮೇಲೆ ಬೇರೆಯಾದ ದಿಂಬು ಇರುವ ಹಳೇ ಮಾದರಿಯದು ಮೈಯಲ್ಲಿ ತೆಳ್ಳಗೆ, ಹೊರುವುದೂ ಹಗುರ, ಆಚಾರಿಯಿಂದ ರಿಪೇರಿಯೂ ಸುಲಭ. ಇವೊಂದೂ ಆಗದಿದ್ದರೆ ಮನೆಯಲ್ಲೇ ಮಾಡಿಸಬಹುದು. ಮೆಟ್ಟಿಲು ಹತ್ತಿ ಬರುವುದು ಹಲಗೆ, ಸ್ಪಂಜು, ಬಟ್ಟೆ ಮಾತ್ರ. ಅಜ್ಜಿಯ ಕಣಜ ಹುಟ್ಟಿದ್ದೂ ಹಾಗೆಯೇ ಅಲ್ಲವೇ?

ಇನ್ನೊಂದು ಅಳತೆ ಉಳಿಯಿತು. ಅದು ಮೊಣಕಾಲಿನದು. ಐವತ್ತು ದಾಟಿದ ನಮ್ಮಂಥವರಿಗೆ ನೆಲದಿಂದ ಏಳುವುದು ಕಷ್ಟ, ತಗ್ಗಾದ ಮೆತ್ತನೆಯ ಸೋಫಾದಿಂದ ಏಳುವುದು ಇನ್ನೂ ಕಷ್ಟ. ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು, ಬೆನ್ನಿಗೆ ಒರಗು ಸಿಗಬೇಕು, ಏಳುವಾಗ ಕೈಯೂರಲು ಗಟ್ಟಿ ಹಿಡಿ ಇರಬೇಕು. ಅಂಗಡಿಯಲ್ಲಿ ಯಜಮಾನರು ಕೂತು ನೋಡಿ 'ಚೆನ್ನಾಗಿದೆ' ಎಂದರೆ ಸಾಲದು. ಮನೆಯಲ್ಲಿ ಬಹಳ ಹೊತ್ತು ಇರುವವರು ಕೂತು ನೋಡಬೇಕು. ಅಳತೆಯ ಚೀಟಿಯ ಜೊತೆಗೆ ಮನೆಯ ಹಿರಿಯ ಹೆಂಗಸನ್ನೂ ಕರೆದುಕೊಂಡು ಹೋಗಿ. 'ನನಗ್ಯಾಕವ್ವ, ನಾನು ಚಾಪೆ ಮೇಲೇ ಸರಿ' ಎನ್ನುತ್ತಾರೆ. ಕೇಳಬೇಡಿ, ಕೈ ಹಿಡಿದು ಕೂರಿಸಿ. ಕೆಲಸವಿಲ್ಲದ ಬರಿಗೈಯಲ್ಲಿ, ಬೆಳಕಿಗೆ ಮುಖ ಮಾಡಿ, ಅವರು ಹಾಯಾಗಿ ಕೂತರೆ ಆ ಸೋಫಾವನ್ನೇ ಕಟ್ಟಿಸಿಕೊಂಡು ಬನ್ನಿ. ಮನೆಗೆ ಬಂದ ಮೇಲೆ ಕವರು ಮಾತ್ರ ಹಾಕಬೇಡಿ.